ಎಸ್‌ವಿಜಿಗೆ ಕನ್ನಡದಲ್ಲಿ ಒಂದು ವಿಕಿ ಮಾಡೋಣ್ವಾ? ಪುಣೆ, ಮುಂಬೈ, ಗೋವಾದಲ್ಲಿರುವವರು ಬನ್ನಿ

ಕೋಥ್ರೂಡ್_ಕಟ್ಟೆ
ಶನಿವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ಹೋದ ತಿಂಗಳು ಗದಗದಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪನಿಗೆ ಒಬ್ಬರೇ ಮೆಟ್ರೋದಲ್ಲಿ ಓಡಾಡುವ ಆಸೆ. ಆದರೆ ಕನ್ನಡ ಬಿಟ್ಟು ಬೇರೆ ಏನನ್ನೂ ಸರಾಗವಾಗಿ ಓದಲ್ಲ. ಪುಣೆ ಮೆಟ್ರೋದಲ್ಲಿ ಅವರಿಗೆ ಬೇಕಿದ್ದಿದ್ದು ಎರಡು ಗೆರೆ. ವನಾಜ್‌ನಿಂದ ರಾಮವಾಡಿ ಒಂದು, ಪಿಂಪ್ರಿ ಚಿಂಚವಡದಿಂದ ಸ್ವಾರಗೇಟ್ ಇನ್ನೊಂದು. ಎರಡೂ ಸಿವಿಲ್ ಕೋರ್ಟ್‌ನಲ್ಲಿ ಸೇರುತ್ತವೆ. ಇಷ್ಟನ್ನು ಕನ್ನಡ ಹೆಸರುಗಳ ಜೊತೆ ಒಂದು ಎಸ್‌ವಿಜಿ ನಕ್ಷೆ (ಪದ, ಅಂಕಿಗಳಲ್ಲಿ ಬರೆದು ಕೊಟ್ಟರೆ ಬ್ರೌಸರ್ ಬಿಡಿಸುವ ಚಿತ್ರ) ಮಾಡಿ ಅಪ್ಪನ ಫೋನಿಗೆ ಹಾಕೋಣ ಅಂದುಕೊಂಡೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದು ನಾಲ್ಕು ಸಂಜೆ ತಿಂದಿತು.

ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಫೋನಲ್ಲಿ ಎಡಗಡೆಯ ಮೇಲಿನ ಮೂಲೆ ಮಾತ್ರ. ಅಪ್ಪ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, "ಸ್ವಾರಗೇಟ್ ಕಿತ್ತು ಹಾಕಿದ್ರೇನೋ?" ಅಂತ ಕೇಳಿದರು. ಕಾರಣ ಸಣ್ಣದು. ಅಗಲ 800, ಎತ್ತರ 600 ಅಂತ ಕೊಟ್ಟಿದ್ದೆ, ವ್ಯೂಬಾಕ್ಸ್ (ಚಿತ್ರದ ಹರವು ಎಲ್ಲಿಂದ ಎಲ್ಲಿಯವರೆಗೆ ಅಂತ ಹೇಳುವ ಅಂಕಿಗಳು) ಕೊಟ್ಟಿರಲಿಲ್ಲ. ಆಮೇಲೆ ಸಿಎಸ್‌ಎಸ್‌ನಲ್ಲಿ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡ್) ಅಗಲವನ್ನು 100% ಮಾಡಿದ್ದೆ. ವ್ಯೂಬಾಕ್ಸ್ ಇಲ್ಲದಿದ್ದರೆ ಜಾಗ ಚಿಕ್ಕದಾದಾಗ ಚಿತ್ರ ಕುಗ್ಗಲ್ಲ, ಕತ್ತರಿಸಿ ಹೋಗುತ್ತದೆ. "0 0 800 600" ಅಂತ ನಾಲ್ಕು ಅಂಕಿ ಸೇರಿಸಿದ ತಕ್ಷಣ ಸ್ವಾರಗೇಟ್ ವಾಪಸ್ ಬಂತು.

ಈ ನಾಲ್ಕು ಅಂಕಿಗೆ ಎರಡು ಸಂಜೆ ಹೋಯಿತು. ಕನ್ನಡದಲ್ಲಿ ಹುಡುಕಿದೆ, ಕೆಲಸಕ್ಕೆ ಬರುವಂಥದ್ದು ಏನೂ ಸಿಗಲಿಲ್ಲ. ವೆಬ್ ತಂತ್ರಜ್ಞಾನ ವಿವರಿಸುವ ತಾಣ ಎಮ್‌ಡಿಎನ್‌ನಲ್ಲಿ ಜಪಾನಿ ಇದೆ, ಕೊರಿಯನ್ ಇದೆ, ಕನ್ನಡ ಇಲ್ಲ. ಅದಕ್ಕೆ ಈ ಮಾತು ಎತ್ತುತ್ತಿದ್ದೇನೆ. ನಾವೇ ಒಂದು ವಿಕಿ ಮಾಡೋಣ. ಎಸ್‌ವಿಜಿಯ ಒಂದೊಂದು ಎಲಿಮೆಂಟ್‌ಗೆ (ವೃತ್ತ, ಗೆರೆ, ಅಕ್ಷರದಂಥ ಒಂದೊಂದು ತುಣುಕಿಗೆ) ಒಂದು ಪುಟ. ಎಮ್‌ಡಿಎನ್ ಬರಹ ಸಿಸಿ ಬೈ-ಎಸ್‌ಎ ಲೈಸೆನ್ಸ್‌ನಲ್ಲಿದೆ. ಮೂಲದ ಹೆಸರು ಹಾಕಿ, ಅದೇ ಲೈಸೆನ್ಸ್ ಇಟ್ಟುಕೊಂಡು ಅನುವಾದ ಮಾಡಬಹುದು. ಇಂಗ್ಲಿಷ್‌ನ ಎ ಅಕ್ಷರದಿಂದ ಶುರು ಮಾಡಿ ಒಂದೊಂದೇ ಮುಗಿಸುತ್ತಾ ಹೋದರೆ ವರ್ಷದಲ್ಲಿ ಆಗಬಹುದು.

ಯಾರ್ಯಾರು ಬರ್ತೀರಿ?

ಪಣಜಿ_ಪಾರ್ಸೆಲ್
ಶನಿವಾರ, ರಾತ್ರಿ 10:31

ಅಪ್ಪ ಕೊನೆಗೆ ಸ್ವಾರಗೇಟ್ ತಲುಪಿದ್ರಾ, ಅದನ್ನ ಹೇಳಿ ಮೊದಲು.

ಕೋಥ್ರೂಡ್_ಕಟ್ಟೆ
ಶನಿವಾರ, ರಾತ್ರಿ 10:33

ತಲುಪಿದರು. ಮೂರು ಸಲ. ಸುಮ್ನೆ ಹೋಗಿ ಬಂದರು.

ಡೊಂಬಿವಲಿ_ಫಾಸ್ಟ್
ಶನಿವಾರ, ರಾತ್ರಿ 11:05

ತಣ್ಣೀರು ಎರಚೋಕೆ ಬಂದಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಎಸ್‌ವಿಜಿ 1.0 ಬಂದಿದ್ದು 2001ರ ಸೆಪ್ಟೆಂಬರ್‌ನಲ್ಲಿ. ಆಗ ನಾನು ಅಂಧೇರಿಯಲ್ಲಿ ಟ್ರೈನಿ. ಒಂದು ಕೆಂಪು ವೃತ್ತ ನೋಡೋಕೂ ಬ್ರೌಸರ್‌ಗೆ ಅಡೋಬಿಯ ಪ್ಲಗಿನ್ ಹಾಕಬೇಕಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ತಾನಾಗಿ ಎಸ್‌ವಿಜಿ ತೋರಿಸಿದ್ದು 9ನೇ ಆವೃತ್ತಿಯಲ್ಲಿ, 2011ಕ್ಕೆ. ಹತ್ತು ವರ್ಷ! ಆ ಹತ್ತು ವರ್ಷದಲ್ಲಿ ಬರೆದ ಲೇಖನಗಳೆಲ್ಲ ಇನ್ನೂ ಅಂತರ್ಜಾಲದಲ್ಲಿ ಬಿದ್ದಿವೆ. ಹುಡುಕಿದವರಿಗೆ ಅವೇ ಸಿಗುತ್ತವೆ. ಎಸ್‌ವಿಜಿ ಫಾಂಟ್ ಹೇಗೆ ಮಾಡೋದು ಅಂತ ಹೇಳುವ ಪುಟ ಸಿಗುತ್ತದೆ, ಕ್ರೋಮ್ ಅದನ್ನು ಕಿತ್ತು ಹಾಕಿ ಎಷ್ಟೋ ವರ್ಷ ಆಯಿತು. ಇನ್ನೊಂದು ಪುಟ ಸ್ಮಿಲ್ ಅನಿಮೇಶನ್ (ಎಸ್‌ವಿಜಿ ಚಿತ್ರವನ್ನು ಕದಲಿಸುವ ವಿಧಾನ) ಸತ್ತುಹೋಗಿದೆ ಅನ್ನುತ್ತದೆ. 2015ರಲ್ಲಿ ಕ್ರೋಮ್‌ನವರು ಹಾಗೆ ಹೇಳಿದ್ದು ಹೌದು. ಮಾರನೇ ವರ್ಷ ಆ ಮಾತನ್ನು ಹಿಂದಕ್ಕೆ ತಗೊಂಡರು. ಲೇಖನ ಬರೆದವರು ಹಿಂದಕ್ಕೆ ತಗೊಂಡಿಲ್ಲ.

ಬರೆಯೋದು ದೊಡ್ಡದಲ್ಲ. ಬರೆದಿದ್ದನ್ನು ನೋಡಿಕೊಳ್ಳೋದು ಕಷ್ಟ. 2012ರಲ್ಲಿ ವೆಬ್‌ನ ನಿಯಮ ಮಾಡುವ ಡಬ್ಲ್ಯೂ3ಸಿ, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ, ಅಡೋಬಿ ಎಲ್ಲ ಸೇರಿ ವೆಬ್ ಪ್ಲಾಟ್‌ಫಾರ್ಮ್ ಡಾಕ್ಸ್ ಅಂತ ಒಂದು ವಿಕಿ ಶುರು ಮಾಡಿದರು. ವೆಬ್‌ನ ಎಲ್ಲ ತಂತ್ರಜ್ಞಾನಕ್ಕೂ ಒಂದೇ ಕಡೆ ಪಾಠ ಅಂತ. 2015ಕ್ಕೆ ಮುಚ್ಚಿತು. ಅಷ್ಟು ದುಡ್ಡು, ಅಷ್ಟು ಜನ ಇದ್ದೇ ಹೀಗಾಯಿತು. ಎಮ್‌ಡಿಎನ್ ಕೂಡ ಮೊದಲು ವಿಕಿ ಆಗಿತ್ತು, 2020ರ ಡಿಸೆಂಬರ್‌ನಲ್ಲಿ ವಿಕಿ ಬಿಟ್ಟು, ಕೋಡ್ ಇಡುವ ತಾಣ ಗಿಟ್‌ಹಬ್‌ಗೆ ಹೋಯಿತು.

ನನ್ನದೂ ಒಂದು ಕಥೆ ಇದೆ. ಏಳೆಂಟು ವರ್ಷದ ಹಿಂದೆ ಗೆಳೆಯರು ಸೇರಿ ಕನ್ನಡದಲ್ಲಿ ಕಂಪ್ಯೂಟರ್ ವಿಕಿ ಮಾಡಿದ್ದೆವು. 40 ಪುಟ ಬರೆದೆವು. ಒಬ್ಬನಿಗೆ ಮದುವೆ ಆಯಿತು, ಇನ್ನೊಬ್ಬ ಜರ್ಮನಿಗೆ ಹೋದ, ನನಗೆ ಆಫೀಸು ಜಾಸ್ತಿ ಆಯಿತು. ಆರು ತಿಂಗಳ ಮೇಲೆ ತೆಗೆದು ನೋಡಿದರೆ ನಮ್ಮ 40 ಪುಟದ ಮೇಲೆ ಶೂ ಮಾರುವ 3,000 ಪುಟ ಕೂತಿದ್ದವು. ಡೊಮೇನ್ ದುಡ್ಡು ಕಟ್ಟೋದನ್ನೇ ನಿಲ್ಲಿಸಿದೆವು.

ಹಾಗಾಗಿ ಎ ಇಂದ ಶುರು ಮಾಡಿ ಎಲ್ಲವನ್ನೂ ಅನುವಾದ ಮಾಡೋಣ ಅನ್ನೋದಕ್ಕೆ ನಾನು ಇಲ್ಲ. ಮೂಲ ಬದಲಾಗುತ್ತಲೇ ಇರುತ್ತದೆ, ನಮ್ಮದು ಹಳೆಯದಾಗುತ್ತಲೇ ಇರುತ್ತದೆ.

ವಾಸ್ಕೋ_ಬಂದರು
ಭಾನುವಾರ, ಬೆಳಿಗ್ಗೆ 8:20

ಕಾರವಾರದವಳು, ವಾಸ್ಕೋದಲ್ಲಿ ಡಿಸೈನ್ ಕೆಲಸ. ಕೋಡ್ ಅಷ್ಟಕ್ಕಷ್ಟೇ. ಆದರೆ ನನ್ನ ಗೋಳು ಬೇರೆಯೇ ಇದೆ, ಅದು ಯಾವ ಎಮ್‌ಡಿಎನ್‌ನಲ್ಲೂ ಇಲ್ಲ, ಯಾವ ಭಾಷೆಯಲ್ಲೂ ಇಲ್ಲ.

ಇಲ್ಲಿ ಝುವಾರಿನಗರದ ಕಡೆ ಕನ್ನಡದವರು ಜಾಸ್ತಿ. ಒಂದು ಅಂಗಡಿಯವರಿಗೆ ಕನ್ನಡ, ಕೊಂಕಣಿ, ಇಂಗ್ಲಿಷ್ ಮೂರರಲ್ಲೂ ಮೆನು ಮಾಡಿಕೊಟ್ಟೆ. ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ "ಸ್ವಾದಿಷ್ಟ ಉಪ್ಪಿಟ್ಟು" ಅಂತ ಚೆಂದ ಕಾಣುತ್ತಿತ್ತು. ಎಸ್‌ವಿಜಿ ಮಾಡಿ ಬ್ರೌಸರ್‌ನಲ್ಲಿ ತೆರೆದರೆ "ಸ್‌ ವಾ ದಿ ಷ್‌ ಟ". ಒತ್ತಕ್ಷರ ಎಲ್ಲ ಎದ್ದು ಪಕ್ಕಕ್ಕೆ ಬಂದು ನಿಂತಿದ್ದವು. ಇಂಗ್ಲಿಷ್ ಮಾತ್ರ ಹಾಗೇ ಇತ್ತು, ಏನೂ ಆಗಿರಲಿಲ್ಲ.

ಗೊತ್ತಿರುವವರನ್ನು ಕೇಳಿದೆ. "ಟೆಕ್ಸ್ಟ್ ಅನ್ನು ಔಟ್‌ಲೈನ್ ಮಾಡಿಬಿಡು" ಅಂದರು. ಮಾಡಿದೆ. ಸರಿ ಕಾಣಿಸಿತು. ಮರುದಿನ ಅಂಗಡಿಯವರು ಉಪ್ಪಿಟ್ಟಿನ ರೇಟು ಬದಲಾಯಿಸಿ ಅಂದರು, ಅದು ಅಕ್ಷರವೇ ಅಲ್ಲ ಈಗ, ಬರೀ ಗೆರೆ. ಮತ್ತೆ ಮೊದಲಿನಿಂದ.

ಇದಕ್ಕೆ ಪುಟ ಬರುತ್ತದೆ ಅಂದ್ರೆ ನಾನು ಬರ್ತೇನೆ.

ಕೋಥ್ರೂಡ್_ಕಟ್ಟೆ
ಭಾನುವಾರ, ಬೆಳಿಗ್ಗೆ 9:02

@ವಾಸ್ಕೋ_ಬಂದರು ನಿಮ್ಮ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಒಂದೊಂದು ಅಕ್ಷರಕ್ಕೂ ಒಂದೊಂದು ಟಿಸ್ಪ್ಯಾನ್ (ಬರಹದ ತುಂಡನ್ನು ಸುತ್ತುವ ಟ್ಯಾಗ್) ಇದೆಯಾ? ಪ್ರತಿಯೊಂದಕ್ಕೂ ಬೇರೆ ಬೇರೆ ಎಕ್ಸ್ ಬೆಲೆ (ಎಡದಿಂದ ಎಷ್ಟು ದೂರ ಅನ್ನುವ ಅಂಕಿ) ಇದೆಯಾ?

ವಾಸ್ಕೋ_ಬಂದರು
ಭಾನುವಾರ, ಬೆಳಿಗ್ಗೆ 9:15

ಅಯ್ಯೋ ಹೌದು. ಉದ್ದಕ್ಕೂ ಅದೇ.

ಕೋಥ್ರೂಡ್_ಕಟ್ಟೆ
ಭಾನುವಾರ, ಬೆಳಿಗ್ಗೆ 9:48

ಅದೇ ರೋಗ. ಕೆಲವು ಸಾಫ್ಟ್‌ವೇರ್‌ಗಳು ಇಂಗ್ಲಿಷ್ ಅಕ್ಷರಗಳ ನಡುವಿನ ಅಂತರ ಒಂಚೂರೂ ಆಚೀಚೆ ಆಗಬಾರದು ಅಂತ ಒಂದೊಂದನ್ನೂ ಮೊಳೆ ಹೊಡೆದು ಕೂರಿಸುತ್ತವೆ. ಇಂಗ್ಲಿಷ್‌ಗೆ ಅದರಿಂದ ತೊಂದರೆ ಇಲ್ಲ. ನಮ್ಮದರಲ್ಲಿ ಸ, ಹಲಂತ, ವ, ಆ ದೀರ್ಘ, ನಾಲ್ಕು ಕೋಡ್ ಸೇರಿ ಒಂದು "ಸ್ವಾ" ಆಗುತ್ತದೆ. ಆ ನಾಲ್ಕೂ ಒಂದೇ ಸಾಲಿನಲ್ಲಿ ಒಟ್ಟಿಗೆ ಬಂದರೆ ಮಾತ್ರ ಫಾಂಟ್ ಅವನ್ನು ಸೇರಿಸಿ ಒತ್ತು ಕೊಡುತ್ತದೆ. ಮಧ್ಯದಲ್ಲಿ ಹೊಸ ಎಕ್ಸ್ ಬೆಲೆ ಬಂತು ಅಂದ್ರೆ ಬ್ರೌಸರ್‌ಗೆ ಅಲ್ಲಿಂದ ಹೊಸ ತುಂಡು ಶುರು. ಹಿಂದಿನ ತುಂಡಿಗೂ ಇದಕ್ಕೂ ಸಂಬಂಧ ಇಲ್ಲ. "ಸ್" ಅಲ್ಲೇ ಕೊಂಬು ಎತ್ತಿ ನಿಲ್ಲುತ್ತದೆ.

ನನ್ನ ಸ್ವಾರಗೇಟ್‌ಗೂ ಇದೇ ಆಗಿತ್ತು. ನಾಲ್ಕನೇ ಸಂಜೆ ಇದಕ್ಕೇ ಹೋಗಿದ್ದು. ಮದ್ದು: ಟಿಸ್ಪ್ಯಾನ್‌ಗಳನ್ನು ಅಳಿಸಿ, ಇಡೀ ಪದವನ್ನು ಒಂದೇ ಟೆಕ್ಸ್ಟ್ ಒಳಗೆ ಹಾಕಿ, ಎಕ್ಸ್ ವೈ ಒಂದೇ ಸಲ ಕೊಡಿ. ಪದ ನಡುವಿಗೆ ಬರಬೇಕಾದರೆ ಟೆಕ್ಸ್ಟ್-ಆಂಕರ್ ಅನ್ನು ಮಿಡಲ್ ಮಾಡಿ, ಕಣ್ಣಳತೆಯಲ್ಲಿ ತಳ್ಳಬೇಡಿ. ಯಾಕಂದ್ರೆ ವಿಂಡೋಸ್‌ನಲ್ಲಿ ತುಂಗಾನೋ ನಿರ್ಮಲಾ ಯುಐನೋ ಫಾಂಟ್ ಇರುತ್ತದೆ, ಆಂಡ್ರಾಯ್ಡ್‌ನಲ್ಲಿ ನೋಟೊ. ಒಂದೇ ಪದ ಒಂದೊಂದರಲ್ಲಿ ಒಂದೊಂದು ಅಗಲ. ತುಂಗಾದಲ್ಲಿ ಪುಟ್ಟದಾಗಿ ಕೂತಿದ್ದ ಹೆಸರು ನೋಟೊದಲ್ಲಿ ಪಕ್ಕದ ಸ್ಟೇಷನ್ ಮೇಲೆ ಹತ್ತಿ ಕೂರುತ್ತದೆ.

ವಾಸ್ಕೋ_ಬಂದರು
ಭಾನುವಾರ, ಬೆಳಿಗ್ಗೆ 10:26

ಉಪ್ಪಿಟ್ಟು ಸರಿಯಾಯಿತು!! ಇದನ್ನೇ ಮೊದಲ ಪುಟ ಮಾಡಿ. ದಯವಿಟ್ಟು.

ಹಿಂಜವಡಿ_ಸೆಕೆಂಡ್_ಶಿಫ್ಟ್
ಭಾನುವಾರ, ಮಧ್ಯಾಹ್ನ 12:10

ಈಗಷ್ಟೇ ಎದ್ದೆ. ಮೇಲಿನದ್ದೆಲ್ಲ ಓದಿದೆ. ನನ್ನ ಮಾತು ಯಂತ್ರದ ಬಗ್ಗೆ.

ಮೀಡಿಯಾವಿಕಿ (ವಿಕಿಪೀಡಿಯ ನಡೆಯುವ ಸಾಫ್ಟ್‌ವೇರ್) ಹಾಕೋದು ಸುಲಭ, ಎಲ್ಲರಿಗೂ ಬರುತ್ತದೆ. ಆದರೆ ಒಂದು ತಮಾಷೆ ಇದೆ. ಸುಮ್ನೆ ಹಾಕಿದ ಮೀಡಿಯಾವಿಕಿ ಎಸ್‌ವಿಜಿ ಫೈಲ್ ಅಪ್‌ಲೋಡ್ ಮಾಡೋಕೇ ಬಿಡಲ್ಲ. ನಾವಾಗಿಯೇ ಅನುಮತಿ ಕೊಡಬೇಕು. ಎಸ್‌ವಿಜಿ ವಿಕಿ, ಅದರಲ್ಲಿ ಎಸ್‌ವಿಜಿ ಹಾಕಂಗಿಲ್ಲ! ಕಾರಣ ಇದೆ. ಎಸ್‌ವಿಜಿ ಬರೀ ಚಿತ್ರ ಅಲ್ಲ, ಅದು ಡಾಕ್ಯುಮೆಂಟ್. ಒಳಗೆ ಸ್ಕ್ರಿಪ್ಟ್ ಇಡಬಹುದು. ಯಾರೋ ಒಬ್ಬ ಹೂವಿನ ಚಿತ್ರ ಅಂತ ಹಾಕಿ, ಅದನ್ನು ನೇರವಾಗಿ ತೆರೆದವರ ಲಾಗಿನ್ ಕದಿಯಬಹುದು. ಇಮೇಜ್ ಟ್ಯಾಗ್‌ನಲ್ಲಿ ತೋರಿಸಿದರೆ ಸ್ಕ್ರಿಪ್ಟ್ ಓಡಲ್ಲ, ಸೇಫ್. ಆದರೆ ಹೊರಗಿನ ಫಾಂಟ್ ಕೂಡ ಬರಲ್ಲ. ನೀವು ವೆಬ್‌ಫಾಂಟ್ ಹಾಕಿದ್ದೇನೆ ಅಂತ ಖುಷಿಯಲ್ಲಿರ್ತೀರಿ, ಅಲ್ಲಿ ಫೋನಿನ ಫಾಂಟೇ ಕಾಣುತ್ತದೆ. ಬೇಕೇ ಬೇಕು ಅಂದ್ರೆ ಫಾಂಟನ್ನು ಫೈಲ್ ಒಳಗೇ ತುಂಬಬೇಕು.

ಮೀಡಿಯಾವಿಕಿ ಇನ್ನೊಂದು ಕೆಲಸ ಮಾಡುತ್ತದೆ. ಎಸ್‌ವಿಜಿಯನ್ನು ಸರ್ವರ್‌ನಲ್ಲೇ ಪಿಎನ್‌ಜಿ (ಫೋಟೋದ ಹಾಗೆ ತಿದ್ದಲಾಗದ ಚಿತ್ರ) ಮಾಡಿ ತೋರಿಸುತ್ತದೆ. ವಿಕಿಪೀಡಿಯದ ಚಿತ್ರಗಳ ಭಂಡಾರ ವಿಕಿಮೀಡಿಯಾ ಕಾಮನ್ಸ್‌ನಲ್ಲೂ ಹಾಗೇ, ಅಲ್ಲಿ ಲಿಬ್‌ಆರ್‌ಎಸ್‌ವಿಜಿ ಅನ್ನೋದು ಚಿತ್ರ ಬಿಡಿಸುತ್ತದೆ. ಅದರ ಬಳಿ ಇರುವ ಫಾಂಟ್ ಮಾತ್ರ ಬರುತ್ತದೆ. ಕಲಿಸೋಕೆ ಹೊರಟವರಿಗೆ ಪಿಎನ್‌ಜಿ ತಗೊಂಡು ಏನು ಮಾಡೋದು? ಅಂಕಿ ತಿದ್ದಿದರೆ ಚಿತ್ರ ಕಣ್ಣೆದುರೇ ಬದಲಾಗಬೇಕು.

ನನ್ನ ಸಲಹೆ: ಪುಟಗಳು ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತುಗಳಿರುವ ಬರಹ), ಗಿಟ್ ರೆಪೋದಲ್ಲಿ (ಯಾರು ಏನು ಬದಲಿಸಿದರು ಅಂತ ದಾಖಲೆ ಇಡುವ ಕಡತ). ಒಂದೊಂದು ಉದಾಹರಣೆ ಒಂದೊಂದು ಪ್ರತ್ಯೇಕ ಫೈಲ್, ಸ್ಯಾಂಡ್‌ಬಾಕ್ಸ್ ಹಾಕಿದ ಐಫ್ರೇಮ್ ಒಳಗೆ (ಪುಟದೊಳಗೇ ಬೇಲಿ ಹಾಕಿದ ಬೇರೆ ಪುಟ). ಸ್ಪ್ಯಾಮ್ ಬರಲ್ಲ, ಯಾಕಂದ್ರೆ ಒಬ್ಬರು ನೋಡಿ ಒಪ್ಪಿದ ಮೇಲೇ ಸೇರೋದು.

ವಾಸ್ಕೋ_ಬಂದರು
ಭಾನುವಾರ, ಮಧ್ಯಾಹ್ನ 12:22

ಗಿಟ್ ಅಂದ್ರೆ ನಾನಿಲ್ಲ. ಎರಡು ಸಲ ಕಲಿತೆ, ಎರಡು ಸಲ ಮರೆತೆ.

ಡೊಂಬಿವಲಿ_ಫಾಸ್ಟ್
ಭಾನುವಾರ, ಮಧ್ಯಾಹ್ನ 12:40

ಇದೇ ನೋಡಿ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿ ಮಾಡಿದ್ದು ಯಾರು ಬೇಕಾದರೂ ಥಟ್ಟಂತ ತಿದ್ದಲಿ ಅಂತ. ಹವಾಯಿ ಭಾಷೆಯಲ್ಲಿ ವಿಕಿ ಅಂದ್ರೇನೇ ಬೇಗ. ಹೊನೊಲುಲು ಏರ್‌ಪೋರ್ಟ್ ಬಸ್ಸಿನ ಹೆಸರು ಅದು. ಗಿಟ್ ಕಲಿತು, ಫೋರ್ಕ್ ಮಾಡಿ, ಪುಲ್ ರಿಕ್ವೆಸ್ಟ್ ಹಾಕಿ, ಇನ್ನೊಬ್ಬರು ಎದ್ದು ಒಪ್ಪುವವರೆಗೆ ಕಾಯೋದಾದರೆ ಅದಕ್ಕೆ ವಿಕಿ ಅನ್ನಬಾರದು, ತಾಲೂಕು ಕಚೇರಿ ಅನ್ನಬೇಕು.

ಹಾಗಂತ ಬಾಗಿಲು ತೆರೆದಿಟ್ಟರೆ ಶೂ ಅಂಗಡಿ. ನನಗೂ ದಾರಿ ಕಾಣುತ್ತಿಲ್ಲ.

ಮಾಟುಂಗಾ_ಟೀಚರ್
ಭಾನುವಾರ, ಸಂಜೆ 5:30

ನಿವೃತ್ತ ಟೀಚರ್, ಮುಂಬೈಗೆ ಬಂದು 38 ವರ್ಷ. ಮಾಟುಂಗಾ ಸೆಂಟ್ರಲ್, ಮಾಟುಂಗಾ ರೋಡ್ ಅಲ್ಲ. (ಲೋಕಲ್ ನಕ್ಷೆ ಮಾಡುವವರು ಇದನ್ನು ಮರೆಯಬೇಡಿ. ಎರಡೂ ಬೇರೆ ಸ್ಟೇಷನ್, ಬೇರೆ ಲೈನ್. ನಮ್ಮ ಮನೆಗೆ ಬರುವ ನೆಂಟರು ಪ್ರತಿ ಸಲ ತಪ್ಪು ಕಡೆ ಇಳಿಯುತ್ತಾರೆ.)

ನನಗೆ ನಿಮ್ಮ ಗಿಟ್ ಗೊತ್ತಿಲ್ಲ. ಆದರೆ ಮೊಮ್ಮಗಳು ಹೋದ ರಜೆಯಲ್ಲಿ ಎಸ್‌ವಿಜಿ ತೋರಿಸಿಕೊಟ್ಟಳು, ಅವತ್ತಿನಿಂದ ರಂಗೋಲಿ ಬಿಡಿಸುತ್ತಿದ್ದೇನೆ. ಮೊದಲ ದಿನವೇ ಅನ್ನಿಸಿತು, ಇದು ನಮಗೆ ಗೊತ್ತಿರುವ ವಿದ್ಯೆಯೇ. ನಾವು ಅಕ್ಕಪಕ್ಕದವರಿಗೆ ರಂಗೋಲಿ ಹೇಳುವಾಗ ಚಿತ್ರ ಕಳಿಸುತ್ತಿದ್ದೆವಾ? "7 ಚುಕ್ಕಿ, ಸಂದು ಚುಕ್ಕಿ 4ರ ತನಕ" ಅಂತ ಒಂದು ಸಾಲು. ಅಷ್ಟಕ್ಕೇ ಎದುರಿನವರ ಅಂಗಳದಲ್ಲಿ ಅದೇ ರಂಗೋಲಿ. ಅಂಗಳ ದೊಡ್ಡದಿದ್ದರೆ ದೊಡ್ಡದು, ಚಿಕ್ಕದಿದ್ದರೆ ಚಿಕ್ಕದು. ನಿಮ್ಮ ವ್ಯೂಬಾಕ್ಸ್ ಅಂದ್ರೆ ಇದೇ ತಾನೇ?

ಎಲ್ಲರೂ ಹೇಳುತ್ತಾರೆ, ಎಸ್‌ವಿಜಿಯಲ್ಲಿ ವೈ ಕೆಳಮುಖವಾಗಿ ಬೆಳೆಯುತ್ತದೆ, ಅದು ಗೊಂದಲ ಅಂತ. ಗಣಿತ ಓದಿದವರಿಗೆ ಗೊಂದಲ. ರಂಗೋಲಿಯವರು ಮೇಲಿನ ಸಾಲಿನಿಂದಲೇ ಚುಕ್ಕಿ ಇಡುತ್ತಾ ಕೆಳಗೆ ಬರುವುದು.

ಸಂದು ಚುಕ್ಕಿಗೆ ನಾನು ಕಂಡುಕೊಂಡ ಲೆಕ್ಕ: ಚುಕ್ಕಿಯಿಂದ ಚುಕ್ಕಿಗೆ 40 ಇಟ್ಟರೆ, ಮುಂದಿನ ಸಾಲು 20 ಬಲಕ್ಕೆ ಸರಿಯಬೇಕು. ಕೆಳಗೆ 40 ಇಳಿಸಿದರೆ ರಂಗೋಲಿ ಉದ್ದುದ್ದ ಕಾಣುತ್ತದೆ. 35 ಇಳಿಸಿದರೆ ಎಲ್ಲ ಚುಕ್ಕಿಗಳ ನಡುವಿನ ದೂರವೂ ಸಮ ಆಗುತ್ತದೆ. ಮೊಮ್ಮಗಳು ಹೇಳಿದಳು, ಸರಿಯಾದ ಲೆಕ್ಕ 34.64 ಅಂತೆ. ಅಂಗಳದಲ್ಲಿ ಅಷ್ಟೆಲ್ಲ ನೋಡಲ್ಲ.

ಕೋಥ್ರೂಡ್_ಕಟ್ಟೆ
ಭಾನುವಾರ, ಸಂಜೆ 5:51

ಟೀಚರ್, ನಾನು ಎರಡು ಸಂಜೆ ತಲೆ ಚಚ್ಚಿಕೊಂಡಿದ್ದನ್ನು ನೀವು ಎರಡು ಸಾಲಿನಲ್ಲಿ ಹೇಳಿದಿರಿ.

ಹಿಂಜವಡಿ_ಸೆಕೆಂಡ್_ಶಿಫ್ಟ್
ಭಾನುವಾರ, ಸಂಜೆ 6:15

ಪದಗಳ ವಿಷಯ ಈಗಲೇ ತೀರ್ಮಾನ ಮಾಡೋಣ, ಆಮೇಲೆ ಜಗಳ ಬೇಡ. ವೆಕ್ಟರ್‌ಗೆ ಪಠ್ಯಪುಸ್ತಕದಲ್ಲಿ "ಸದಿಶ" ಅಂತಿದೆ. ಪಾತ್‌ಗೆ "ಪಥ"? ಗ್ರೇಡಿಯಂಟ್‌ಗೆ "ವರ್ಣಪ್ರವಣತೆ" ಅಂತ ಎಲ್ಲೋ ನೋಡಿದ ನೆನಪು.

ಪಣಜಿ_ಪಾರ್ಸೆಲ್
ಭಾನುವಾರ, ಸಂಜೆ 6:17

ವರ್ಣಪ್ರವಣತೆ ಅಂದ್ರೆ ಮಾತ್ರೆ ಹೆಸರಿನ ಹಾಗಿದೆ. ಊಟಕ್ಕೆ ಮುಂಚೆನೋ ಆಮೇಲೋ?

ಡೊಂಬಿವಲಿ_ಫಾಸ್ಟ್
ಭಾನುವಾರ, ಸಂಜೆ 6:40

ಕೋಡ್‌ನಲ್ಲಿ ಬರೆಯಬೇಕಾದ ಪದ ಹಾಗೇ ಇರಲಿ. ಪಾತ್, ಸರ್ಕಲ್, ವ್ಯೂಬಾಕ್ಸ್, ಗ್ರೇಡಿಯಂಟ್. ಓದಿದವನು ಕೊನೆಗೆ ಟೈಪ್ ಮಾಡೋದು ಅದನ್ನೇ ತಾನೇ. ಅದು ಏನು ಮಾಡುತ್ತದೆ ಅನ್ನೋದನ್ನು ಮಾತ್ರ ಕನ್ನಡದಲ್ಲಿ ಹೇಳಿದರೆ ಸಾಕು. ಸ್ಟ್ರೋಕ್ ಅಂದ್ರೆ ಗೆರೆಯ ಬಣ್ಣ, ಫಿಲ್ ಅಂದ್ರೆ ಒಳಗೆ ತುಂಬುವ ಬಣ್ಣ, ಗ್ರೇಡಿಯಂಟ್ ಅಂದ್ರೆ ಒಂದು ಬಣ್ಣ ಕರಗಿ ಇನ್ನೊಂದು ಆಗೋದು.

ಮಾಟುಂಗಾ_ಟೀಚರ್
ಭಾನುವಾರ, ರಾತ್ರಿ 7:05

ಒಪ್ಪಿದೆ. 30 ವರ್ಷ ಪಾಠ ಮಾಡಿದವಳ ಅನುಭವ: ಮಕ್ಕಳು ಹೆಸರು ಮರೆಯುತ್ತಾರೆ, ಎಡವಿದ್ದನ್ನು ಮರೆಯುವುದಿಲ್ಲ. ಪುಟಗಳಿಗೆ ಎಲಿಮೆಂಟಿನ ಹೆಸರು ಯಾಕೆ? ಯಾರಿಗೂ ಬೆಳಿಗ್ಗೆ ಎದ್ದು "ಪ್ರಿಸರ್ವ್ ಆಸ್ಪೆಕ್ಟ್ ರೇಶಿಯೋ ಬಗ್ಗೆ ಓದೋಣ" ಅನ್ನಿಸಲ್ಲ. "ಚಿತ್ರದ ಎರಡೂ ಪಕ್ಕ ಖಾಲಿ ಜಾಗ ಯಾಕೆ ಬಂತು" ಅಂತ ಹುಡುಕುತ್ತಾರೆ. ಆ ಮಾತೇ ಪುಟದ ಹೆಸರಾಗಲಿ.

ಕೋಥ್ರೂಡ್_ಕಟ್ಟೆ
ಭಾನುವಾರ, ರಾತ್ರಿ 8:30

ಊಟ ಮಾಡುತ್ತಾ ಇದನ್ನೇ ಯೋಚಿಸುತ್ತಿದ್ದೆ. ಟೀಚರ್ ಹೇಳಿದ ಮೇಲೆ ನನ್ನ ಎ ಇಂದ ಶುರು ಮಾಡುವ ಯೋಜನೆ ಬಿಟ್ಟೆ. ನನಗೆ ಬೇಕಿದ್ದಿದ್ದು ವ್ಯೂಬಾಕ್ಸ್ ಪುಟ ಅಲ್ಲ, ಸ್ವಾರಗೇಟ್ ಎಲ್ಲಿ ಹೋಯಿತು ಅನ್ನುವ ಪುಟ. ವ್ಯೂಬಾಕ್ಸ್ ಅನ್ನೋ ಪದವೇ ಆಗ ನನಗೆ ಗೊತ್ತಿರಲಿಲ್ಲ, ಇನ್ನು ಹುಡುಕೋದು ಹೇಗೆ?

ಹೀಗೆ ಮಾಡಿದರೆ ಡೊಂಬಿವಲಿಯವರ ಭಯವೂ ಅರ್ಧ ಹೋಗುತ್ತದೆ. ಅನುವಾದ ಆದರೆ ಮೂಲ ಬದಲಾದಾಗೆಲ್ಲ ಹಿಂದೆ ಓಡಬೇಕು. ವ್ಯೂಬಾಕ್ಸ್ ಇಲ್ಲದಿದ್ದರೆ ಚಿತ್ರ ಕತ್ತರಿಸಿ ಹೋಗೋದು 2001ರಲ್ಲೂ ಹಾಗೇ, ಈಗಲೂ ಹಾಗೇ.

ಒಂದು ಕರಡು ಪುಟ ಬರೆದಿದ್ದೇನೆ. ಮೊಬೈಲ್‌ನಲ್ಲಿದ್ದೇನೆ, ಕೋಡ್ ಅಂಟಿಸೋಕೆ ಆಗುತ್ತಿಲ್ಲ, ಬಾಯಲ್ಲಿ ಹೇಳಿದ ಹಾಗೆ ಬರೆಯುತ್ತೇನೆ. ಹರಿದು ಹಾಕಿ.

"ಗುಡ್ಡ ಬರೆಯೋಕೆ ಹೋದರೆ ಬಟ್ಟಲು ಬರುತ್ತಿದೆ"

ಪಾತ್‌ನಲ್ಲಿ ಬಿಲ್ಲಿನ ಹಾಗೆ ಬಾಗಿದ ಗೆರೆಗೆ ಎ ಅನ್ನುವ ಅಕ್ಷರ. ಅದಕ್ಕೆ ಏಳು ಅಂಕಿ. ಈ ಏಳರಲ್ಲಿ ಐದನೆಯದು ತಲೆ ತಿನ್ನೋದು. ಮೊದಲು ಪೆನ್ನನ್ನು 10, 50ಕ್ಕೆ ತಗೊಂಡು ಹೋಗಿ. ಆಮೇಲೆ ಎ ಬರೆದು 40, 40, 0, 0, 1, 90, 50 ಕೊಡಿ. ಮೊದಲ ಎರಡು 40 ಅಂದ್ರೆ ಅಡ್ಡ ಮತ್ತು ಉದ್ದದ ತ್ರಿಜ್ಯ. ಮೂರನೆಯದು ಓರೆ ಎಷ್ಟು ಅಂತ, ಇಲ್ಲಿ ಓರೆ ಇಲ್ಲ. ನಾಲ್ಕನೆಯದು ದೊಡ್ಡ ಸುತ್ತೋ ಚಿಕ್ಕ ಸುತ್ತೋ ಅಂತ. ಇಲ್ಲಿ ಸರಿಯಾಗಿ ಅರ್ಧ ವೃತ್ತ ಇರೋದರಿಂದ ಏನು ಕೊಟ್ಟರೂ ಒಂದೇ. ಐದನೆಯದು 1 ಇದ್ದರೆ ಗಡಿಯಾರದ ಮುಳ್ಳಿನ ದಿಕ್ಕು: ಎಡದಿಂದ ಹೊರಟು ಮೇಲೆ ಹತ್ತಿ ಬಲಕ್ಕೆ ಇಳಿಯುತ್ತದೆ, ಗುಡ್ಡ. 0 ಮಾಡಿ: ಕೆಳಗೆ ಇಳಿದು ಹತ್ತುತ್ತದೆ, ಬಟ್ಟಲು. ಕೊನೆಯ ಎರಡು, ಗೆರೆ ಮುಗಿಯುವ ಜಾಗ.

ಇದೇ ಪುಟದ ಕೆಳಗೆ ಒಂದು ಸಣ್ಣ ಮಾತು: ಒಂದೇ ಎ ಇಂದ ಪೂರ್ತಿ ವೃತ್ತ ಬರಲ್ಲ. ಹೊರಟ ಜಾಗ, ಮುಗಿಯುವ ಜಾಗ ಎರಡೂ ಒಂದೇ ಆದರೆ ಬ್ರೌಸರ್ ಏನನ್ನೂ ಬರೆಯಲ್ಲ. ಗುಡ್ಡ ಒಂದು, ಬಟ್ಟಲು ಒಂದು ಸೇರಿಸಬೇಕು.

ಹಿಂಜವಡಿ_ಸೆಕೆಂಡ್_ಶಿಫ್ಟ್
ಭಾನುವಾರ, ರಾತ್ರಿ 9:10

ಚೆನ್ನಾಗಿದೆ. ತ್ರಿಜ್ಯ ಕಡಿಮೆ ಕೊಟ್ಟರೆ ಬ್ರೌಸರ್ ತಾನೇ ಹಿಗ್ಗಿಸಿಕೊಳ್ಳುತ್ತದೆ ಅಂತ ಒಂದು ಸಾಲು ಸೇರಿಸಿ. ನಾನು 20 ಕೊಟ್ಟು, ಅದು 40ರ ಹಾಗೆ ಕಂಡು, ಬ್ರೌಸರ್ ಕೆಟ್ಟಿದೆ ಅಂತ ಬಗ್ ಹಾಕೋಕೆ ಹೊರಟಿದ್ದೆ.

ಮುಲುಂಡ್_ಮೂರನೇ_ಮಹಡಿ
ಭಾನುವಾರ, ರಾತ್ರಿ 9:25

ಪ್ರಶ್ನೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರಲ್ಲಿ ಬರೆಯೋದು ಬಿಟ್ಟು ಇನ್ನೊಂದು ವಿಕಿ ಯಾಕೆ? ಇರುವ ನಾಲ್ಕು ಜನವೂ ಹಂಚಿಹೋಗ್ತಾರೆ.

ಡೊಂಬಿವಲಿ_ಫಾಸ್ಟ್
ಭಾನುವಾರ, ರಾತ್ರಿ 9:50

ವಿಕಿಪೀಡಿಯ ವಿಶ್ವಕೋಶ. ಎಸ್‌ವಿಜಿ ಅಂದ್ರೇನು, ಯಾವಾಗ ಬಂತು, ಅಷ್ಟು ಅಲ್ಲಿರಬೇಕು. "ನನ್ನ ಉಪ್ಪಿಟ್ಟು ಯಾಕೆ ಒಡೆಯಿತು" ಅಂತ ಪುಟ ಮಾಡಿದರೆ ಮರುದಿನ ಅಳಿಸುತ್ತಾರೆ, ಅಳಿಸಬೇಕು ಕೂಡ.

ಆದರೆ ನಿಮ್ಮ ಮಾತಿನಲ್ಲಿ ಒಂದು ಒಳ್ಳೆ ಎಳೆ ಇದೆ. ಎಸ್‌ವಿಜಿ ಒಳಗೆ ಸ್ವಿಚ್ ಅನ್ನುವ ಎಲಿಮೆಂಟ್ ಇದೆ. ಅದರೊಳಗೆ ಒಂದೇ ಹೆಸರನ್ನು ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷ್‌ನಲ್ಲಿ ಮೂರು ಟೆಕ್ಸ್ಟ್ ಆಗಿ ಇಡಬಹುದು. ಒಂದೊಂದಕ್ಕೂ ಸಿಸ್ಟಮ್ ಲ್ಯಾಂಗ್ವೇಜ್ ಅಂತ ಭಾಷೆಯ ಗುರುತು. ಯಾವ ಗುರುತೂ ಇಲ್ಲದ್ದನ್ನು ಕೊನೆಗೆ ಇಡಬೇಕು, ಮೊದಲು ಇಟ್ಟರೆ ಎಲ್ಲರಿಗೂ ಅದೇ ಕಾಣುತ್ತದೆ. ಕಾಮನ್ಸ್‌ನಲ್ಲಿ ಎಷ್ಟೋ ನಕ್ಷೆಗಳು ಹೀಗೇ ಇವೆ. ಅವಕ್ಕೆ ಕನ್ನಡ ಸಾಲು ಸೇರಿಸೋಕೆ ಚಿತ್ರ ಬಿಡಿಸೋಕೆ ಬರಬೇಕಿಲ್ಲ, ಪದ ಗೊತ್ತಿದ್ದರೆ ಸಾಕು. ನಮ್ಮ ವಿಕಿ ಓದಿದವರು ಕೈ ಪಳಗಿಸೋಕೆ ಅಲ್ಲಿಗೆ ಹೋಗಲಿ.

ಒಂದೇ ಕೊಕ್ಕೆ: ಬ್ರೌಸರ್ ನೋಡೋದು ಓದುಗರ ಬ್ರೌಸರ್ ಭಾಷೆಯನ್ನು, ಪುಟದ ಭಾಷೆಯನ್ನಲ್ಲ. ಫೋನನ್ನು ಇಂಗ್ಲಿಷ್‌ನಲ್ಲಿ ಇಟ್ಟುಕೊಂಡ ಕನ್ನಡಿಗನಿಗೆ ಇಂಗ್ಲಿಷ್ ಹೆಸರೇ ಕಾಣುತ್ತದೆ. ನಮ್ಮಲ್ಲಿ ಮುಕ್ಕಾಲು ಜನ ಹಾಗೇ ಅಲ್ವಾ.

ಕೋಥ್ರೂಡ್_ಕಟ್ಟೆ
ಸೋಮವಾರ, ಬೆಳಿಗ್ಗೆ 7:40

@ಡೊಂಬಿವಲಿ_ಫಾಸ್ಟ್ ತಣ್ಣೀರು ಎರಚೋಕೆ ಬಂದವರು ನೀರು ಕಾಯಿಸುತ್ತಿದ್ದೀರಿ.

ಡೊಂಬಿವಲಿ_ಫಾಸ್ಟ್
ಸೋಮವಾರ, ಬೆಳಿಗ್ಗೆ 7:58

ಲೋಕಲ್‌ನಲ್ಲಿ ನಿಂತಿದ್ದೇನೆ. ಒಂದು ಕೈಯಲ್ಲಿ ಇಷ್ಟೇ ಟೈಪ್ ಮಾಡೋಕಾಗೋದು: 15 ಪುಟ. ಅದಕ್ಕಿಂತ ಜಾಸ್ತಿ ಬೇಡ. ಒಂದೊಂದು ಪುಟದ ಕೆಳಗೆ ಕೊನೆಗೆ ಪರೀಕ್ಷೆ ಮಾಡಿದ ತಿಂಗಳು, ವರ್ಷ ಇರಬೇಕು. ವರ್ಷ ದಾಟಿದರೆ ಪುಟದ ಮೇಲೆ "ಇದು ಹಳೆಯದಿರಬಹುದು" ಅಂತ ತಾನಾಗಿ ಬರಬೇಕು. ಇಷ್ಟಕ್ಕೆ ಒಪ್ಪಿದರೆ ನಾನೂ ಇದ್ದೇನೆ. ಡೊಮೇನ್ ದುಡ್ಡು ಮೊದಲ ಮೂರು ವರ್ಷ ನನ್ನದು. ಹಳೇ ಪಾಪಕ್ಕೆ.

ಹಿಂಜವಡಿ_ಸೆಕೆಂಡ್_ಶಿಫ್ಟ್
ಸೋಮವಾರ, ಮಧ್ಯಾಹ್ನ 1:15

ಗಿಟ್ ಜಗಳಕ್ಕೆ ನಡುದಾರಿ: ಪುಟದ ಕೆಳಗೆ ಒಂದು ಪೆಟ್ಟಿಗೆ ಇಡುತ್ತೇನೆ, "ಇಲ್ಲಿ ಎಡವಿದೆ" ಅಂತ. ಬರೆದು ಕಳಿಸಿದರೆ ಸಾಕು. ಗಿಟ್‌ಗೆ ಹಾಕೋದು ನನ್ನ ಕೆಲಸ. ರಾತ್ರಿ 11ರ ಮೇಲೆ ಕರೆ ಕಡಿಮೆ, ಆಗ ಕೂತು ಮಾಡುತ್ತೇನೆ.

ಐಫ್ರೇಮ್ ಮಾತ್ರ ಇವತ್ತೇ ಆಗಲಿಲ್ಲ. ಸದ್ಯಕ್ಕೆ ಎಲ್ಲ ಉದಾಹರಣೆಗಳನ್ನೂ ಒಂದೇ ಪುಟದಲ್ಲಿ ನೇರವಾಗಿ ಹಾಕಿದ್ದೇನೆ. ಟೀಚರ್, ನಿಮ್ಮ ರಂಗೋಲಿ ಎರಡನ್ನೂ ಹಾಕಿ ನೋಡಿ.

ಮಾಟುಂಗಾ_ಟೀಚರ್
ಸೋಮವಾರ, ಸಂಜೆ 4:45

ಹಾಕಿದೆ. ಆದರೆ ಏನೋ ಎಡವಟ್ಟಾಗಿದೆ. ಮೊದಲನೆಯದು ಕೆಂಪು ತಾವರೆ, ಎರಡನೆಯದು ನೀಲಿ ನವಿಲು. ಎರಡಕ್ಕೂ ಕರಗುವ ಬಣ್ಣ ಕೊಟ್ಟಿದ್ದೇನೆ. ಮನೆಯಲ್ಲಿ ಒಂದೊಂದೇ ತೆರೆದರೆ ಸರಿ ಇದೆ. ನಿಮ್ಮ ಪುಟದಲ್ಲಿ ನವಿಲೂ ಕೆಂಪು. ಕೋಡನ್ನು ನಾಲ್ಕು ಸಲ ಓದಿದೆ, ಅದರಲ್ಲಿ ಕೆಂಪು ಅನ್ನುವ ಮಾತೇ ಇಲ್ಲ.

ವಾಸ್ಕೋ_ಬಂದರು
ಸೋಮವಾರ, ಸಂಜೆ 4:52

ನೋಡಿದೆ. ಕೆಂಪು ನವಿಲು ನನಗೆ ಇಷ್ಟ ಆಯಿತು, ಆದರೂ.

ಹಿಂಜವಡಿ_ಸೆಕೆಂಡ್_ಶಿಫ್ಟ್
ಸೋಮವಾರ, ಸಂಜೆ 5:20

ಟೀಚರ್, ನವಿಲನ್ನು ತಾವರೆಯ ಫೈಲ್ ಕಾಪಿ ಮಾಡಿಕೊಂಡು ಬರೆದಿರಾ?

ಮಾಟುಂಗಾ_ಟೀಚರ್
ಸೋಮವಾರ, ಸಂಜೆ 5:24

ಹೌದು. ಮೊದಲಿನಿಂದ ಯಾರು ಬರೆಯುತ್ತಾರೆ.

ಹಿಂಜವಡಿ_ಸೆಕೆಂಡ್_ಶಿಫ್ಟ್
ಸೋಮವಾರ, ಸಂಜೆ 5:41

ಅದಕ್ಕೇ. ಎರಡರಲ್ಲೂ ಗ್ರೇಡಿಯಂಟ್‌ನ ಐಡಿ "ಬಣ್ಣ1". ಬೇರೆ ಬೇರೆ ಫೈಲಲ್ಲಿ ಇದ್ದಾಗ ಯಾವ ತೊಂದರೆಯೂ ಇಲ್ಲ. ಒಂದೇ ಪುಟದಲ್ಲಿ ನೇರವಾಗಿ ಹಾಕಿದಾಗ ಅದು ಒಂದೇ ಡಾಕ್ಯುಮೆಂಟ್ ಆಯಿತು. ನವಿಲು "ಬಣ್ಣ1 ಕೊಡು" ಅಂದಾಗ ಬ್ರೌಸರ್ ಮೇಲಿನಿಂದ ಹುಡುಕುತ್ತಾ ಬಂದು ಮೊದಲು ಸಿಕ್ಕಿದ್ದನ್ನು ಕೊಟ್ಟಿತು. ಅದು ತಾವರೆಯದ್ದು. ಒಂದೇ ವಠಾರದಲ್ಲಿ ಇಬ್ಬರು ಒಂದೇ ಹೆಸರಿನವರಿದ್ದು, ಪೋಸ್ಟ್‌ಮ್ಯಾನ್ ಎಲ್ಲ ಕಾಗದವನ್ನೂ ಮೊದಲ ಮನೆಗೇ ಕೊಟ್ಟ ಹಾಗೆ.

ತಪ್ಪು ನನ್ನದು, ಐಫ್ರೇಮ್ ಹಾಕಿದ್ದರೆ ಇದು ಆಗುತ್ತಿರಲಿಲ್ಲ. ನವಿಲಿನ ಐಡಿಯನ್ನು "ನವಿಲು-ಬಣ್ಣ1" ಮಾಡಿ, ಫಿಲ್‌ನಲ್ಲೂ ಅದನ್ನೇ ಬರೆಯಿರಿ.

ಮಾಟುಂಗಾ_ಟೀಚರ್
ಸೋಮವಾರ, ಸಂಜೆ 6:02

ನೀಲಿಯಾಯಿತು! ಇದನ್ನು ನಾನೇ ಬರೆಯುತ್ತೇನೆ, ಯಾರೂ ಮುಟ್ಟಬೇಡಿ. ಪುಟದ ಹೆಸರು "ನವಿಲು ಯಾಕೆ ಕೆಂಪಾಯಿತು".

ವಾಸ್ಕೋ_ಬಂದರು
ಸೋಮವಾರ, ಸಂಜೆ 6:10

ಅಂದ್ರೆ ಉಪ್ಪಿಟ್ಟು ಎರಡನೇ ಪುಟಾನಾ?

ಡೊಂಬಿವಲಿ_ಫಾಸ್ಟ್
ಸೋಮವಾರ, ರಾತ್ರಿ 9:30

ಯಾರು ಮೊದಲು ಬರೆದು ಕಳಿಸುತ್ತಾರೋ ಅವರದ್ದು ಮೊದಲು. ಡೊಮೇನ್ ತಗೊಂಡೆ.